ಡೇರೆ ಹೊತ್ತ ಪಯಣಿಗರು

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ದೇಶ ಸುತ್ತುವವರಲ್ಲಿಯೂ ಎರಡು ಬಗೆಯುಂಟು. ಹೋದಲ್ಲೆಲ್ಲ ಮೆತ್ತನೆಯ ಹಾಸಿಗೆ, ಹೊತ್ತಿಗೆ ಸರಿಯಾದ ಊಟ ಸಿದ್ಧವಾಗಿರುವಂತೆ ಏರ್ಪಾಡು ಮಾಡಿಕೊಂಡು ಹೊರಡುವವರು ಒಂದು ಬಗೆ. ಸೂರನ್ನೇ ಮಡಿಸಿ ಗಂಟು ಕಟ್ಟಿಕೊಂಡು, ಕತ್ತಲಾದಲ್ಲಿ ಅದನ್ನು ಬಿಚ್ಚಿ, ಬೆಳಕಾದಾಗ ಮತ್ತೆ ಮಡಿಸಿ ಮುಂದೆ ಸಾಗುವವರು ಇನ್ನೊಂದು ಬಗೆ. ಮೊದಲನೆಯವರು ಊರುಗಳನ್ನು ನೋಡುತ್ತಾರೆ. ಎರಡನೆಯವರು ಊರುಗಳನ್ನಲ್ಲದೆ ಅವುಗಳ ನಡುವಿನ ನೆಲವನ್ನೂ ಗಾಳಿಯನ್ನೂ ಅಲ್ಲಿ ಬದುಕುವ ಜನರನ್ನೂ ನೋಡುತ್ತಾರೆ. ಸುಖವೂ ಕಷ್ಟವೂ ಇವರ ಪಾಲಿಗೆ ಒಂದೇ ದಾರಿಯಲ್ಲಿ ಬರುತ್ತವೆ.

1952ರ ಜನವರಿಯಲ್ಲಿ ದಕ್ಷಿಣ ಅಮೆರಿಕದ ಅರ್ಜೆಂಟೀನ ದೇಶದ ರಾಜಧಾನಿ ಬ್ಯೂನಸ್ ಐರಿಸ್‌ನಿಂದ ಹಳೆಯ ಮೋಟಾರು ಸೈಕಲೊಂದರ ಮೇಲೆ ಡೇರೆ ಹೇರಿಕೊಂಡು ಹೊರಟ ಇಬ್ಬರು ಗೆಳೆಯರು ಈ ಎರಡನೆಯ ಬಗೆಗೆ ಸೇರಿದವರು. ಅವರಲ್ಲಿ ಕಿರಿಯನು 23 ವರ್ಷ ವಯಸ್ಸಿನ ವೈದ್ಯಕೀಯ ವಿದ್ಯಾರ್ಥಿ ಎರ್ನೆಸ್ಟೊ ಗೆವಾರ. ಮುಂದೆ ಜಗತ್ತು ಅವನನ್ನು ಚೆ ಗೆವಾರ ಎಂಬ ಹೆಸರಿನಿಂದ ಗುರುತಿಸಿತು. ಆತನ ಬಾಳಿನ ಕೊನೆಯ ಭಾಗ ಬಂದೂಕು, ಸೆರೆ, ಸಾವುಗಳಿಂದ ತುಂಬಿದೆ. ಆ ಬಾಳು ಯಾವ ತಿರುವಿನಲ್ಲಿ ಬೇರೆ ದಾರಿ ಹಿಡಿಯಿತು ಎಂಬುದನ್ನು ತಿಳಿಯಬೇಕಾದರೆ ಈ ಪ್ರಯಾಣದ ಕಡೆಗೆ ಕಣ್ಣು ಹಾಯಿಸಬೇಕು.

ಎರ್ನೆಸ್ಟೊ 1928ರಲ್ಲಿ ಅರ್ಜೆಂಟೀನದ ರೊಸಾರಿಯೊ ನಗರದಲ್ಲಿ ಹುಟ್ಟಿದನು. ಐವರು ಮಕ್ಕಳಲ್ಲಿ ಆತನೇ ಹಿರಿಯ. ಎರಡು ವರ್ಷ ತುಂಬುವುದರೊಳಗಾಗಿ ಅವನಿಗೆ ಉಬ್ಬಸದ ರೋಗ ಅಂಟಿಕೊಂಡಿತು. ಒಂದೊಂದು ಉಸಿರಿಗೂ ಹೋರಾಡುವ ಮಗುವನ್ನು ಎತ್ತಿಕೊಂಡು ತಂದೆತಾಯಿಗಳು ಒಳ್ಳೆಯ ಹವೆಯನ್ನು ಹುಡುಕುತ್ತ ಊರಿಂದೂರಿಗೆ ಹೋದರು. ಕಡೆಗೆ ಕಾರ್ಡೊಬಾ ಪ್ರಾಂತದ ಬೆಟ್ಟಗಳ ನಡುವೆ ಇರುವ ಆಲ್ಟಾ ಗ್ರಾಸಿಯ ಎಂಬ ಊರಿನ ಒಣಹವೆ ಮಗುವಿಗೆ ಒಗ್ಗಿತು; ಕುಟುಂಬ ಅಲ್ಲಿಯೇ ನೆಲೆಸಿತು. ಶಾಲೆಗೆ ಹೋಗಲಾರದ ದಿನಗಳಲ್ಲಿ ತಾಯಿಯೇ ಅಕ್ಷರ ಕಲಿಸಿದಳು. ಹಾಸಿಗೆ ಹಿಡಿದ ದಿನಗಳು ಅವನನ್ನು ಪುಸ್ತಕಗಳ ಗೆಳೆಯನನ್ನಾಗಿ ಮಾಡಿದವು. ಚದುರಂಗದಲ್ಲಿಯೂ ಅವನಿಗೆ ಒಲವು ಬೆಳೆಯಿತು.

ಆದರೆ ಆತ ರೋಗಕ್ಕೆ ಶರಣಾಗುವ ಸ್ವಭಾವದವನಲ್ಲ. ಉಸಿರು ಕಟ್ಟುವ ಹುಡುಗನು ಹೆಚ್ಚು ಉಸಿರು ಬೇಡುವ ಆಟವನ್ನೇ ಆರಿಸಿಕೊಂಡನು. ರಗ್ಬಿ ಎಂಬ ಆ ಆಟದಲ್ಲಿ ಚೆಂಡನ್ನು ಅಪ್ಪಿಕೊಂಡು ಓಡುವವನನ್ನು ಎದುರಾಳಿಗಳು ಮೈಮೇಲೆ ಬಿದ್ದು ಕೆಡವುತ್ತಾರೆ. ಆಟದ ನಡುವೆ ಅಂಚಿಗೆ ಬಂದು ಔಷಧಿಯ ಹಬೆಯನ್ನು ಸೇದಿ ಮತ್ತೆ ಓಡುವುದು ಅವನ ರೂಢಿಯಾಯಿತು. ಅವನಿಗೆ ಈ ಆಟವನ್ನು ಕಲಿಸಿದವನು ವಯಸ್ಸಿನಲ್ಲಿ ಆರು ವರ್ಷ ದೊಡ್ಡವನಾದ ಆಲ್ಬರ್ಟೊ ಗ್ರನಾಡೊ. ಗ್ರನಾಡೊ ಜೀವರಸಾಯನಶಾಸ್ತ್ರವನ್ನು ಓದಿ ಕುಷ್ಠರೋಗಿಗಳ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದನು. ಎರ್ನೆಸ್ಟೊ 1947ರಲ್ಲಿ ಅಜ್ಜಿಯ ಕೊನೆಯ ದಿನಗಳಲ್ಲಿ ಆಕೆಯ ಹಾಸಿಗೆಯ ಬಳಿಯೇ ಇದ್ದು ಸೇವೆ ಮಾಡಿದನು. ಆಕೆ ತೀರಿಕೊಂಡ ಬಳಿಕ ಎಂಜಿನಿಯರಿಂಗ್ ಓದುವ ಆಲೋಚನೆಯನ್ನು ಬಿಟ್ಟು ಬ್ಯೂನಸ್ ಐರಿಸ್‌ನಲ್ಲಿ ವೈದ್ಯಕೀಯ ವ್ಯಾಸಂಗಕ್ಕೆ ಸೇರಿಕೊಂಡನು.

ಅಲೆದಾಟದ ಹಂಬಲ ಅವನಲ್ಲಿ ಓದಿನಷ್ಟೇ ಬಲವಾಗಿತ್ತು. 1950ರ ಆರಂಭದಲ್ಲಿ ಆತ ಸೈಕಲ್ಲಿಗೆ ಚಿಕ್ಕದೊಂದು ಎಂಜಿನನ್ನು ಜೋಡಿಸಿಕೊಂಡು ಒಬ್ಬನೇ ಅರ್ಜೆಂಟೀನದ ಉತ್ತರ ಪ್ರಾಂತಗಳನ್ನು ಸುತ್ತಿ ಬಂದನು. ಮರುವರ್ಷ ಹಡಗುಗಳಲ್ಲಿ ದಾದಿಯ ಕೆಲಸ ಮಾಡಿದನು. 1951ರ ಅಕ್ಟೋಬರಿನಲ್ಲಿ ಗ್ರನಾಡೊನ ಮನೆಯ ದ್ರಾಕ್ಷಿಯ ಚಪ್ಪರದ ಕೆಳಗೆ ಕುಳಿತು ಹರಟೆ ಹೊಡೆಯುತ್ತಿದ್ದಾಗ ಗೆಳೆಯರಿಬ್ಬರಿಗೂ ದೊಡ್ಡ ಆಸೆಯೊಂದು ಮೂಡಿತು. ಇಡೀ ದಕ್ಷಿಣ ಅಮೆರಿಕವನ್ನು ಮೋಟಾರು ಸೈಕಲಿನ ಮೇಲೆ ದಾಟಿ ಉತ್ತರ ಅಮೆರಿಕದವರೆಗೂ ಏಕೆ ಹೋಗಬಾರದು? ಎರ್ನೆಸ್ಟೊಗೆ ಇನ್ನೂ ಕೆಲವು ಪರೀಕ್ಷೆಗಳು ಉಳಿದಿದ್ದವು. ಹಿಂದಿರುಗಿ ಬಂದು ಪದವಿ ಪಡೆದೇ ತೀರುವೆನೆಂದು ಮನೆಯವರಿಗೆ ಮಾತು ಕೊಟ್ಟು ಆತ ಹೊರಡಲು ಸಿದ್ಧನಾದನು.

ಅವರ ವಾಹನ ಗ್ರನಾಡೊಗೆ ಸೇರಿದ, 1939ರ ಮಾದರಿಯ 500 ಸಿ.ಸಿ. ನಾರ್ಟನ್ ಮೋಟಾರು ಸೈಕಲು. ಬಲಶಾಲಿ ಎಂಬ ಅರ್ಥ ಬರುವಂತೆ ಅದಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ಲಾ ಪೊಡೆರೋಸಾ ಎಂದು ಹೆಸರಿಟ್ಟಿದ್ದರು. ಹೆಸರಿಗೆ ತಕ್ಕ ಬಲ ಆ ಮುದಿ ಬಂಡಿಗೆ ಇರಲಿಲ್ಲ. ಅದರ ಎರಡು ಪಕ್ಕಗಳಲ್ಲಿಯೂ ದಪ್ಪ ಬಟ್ಟೆಯ ಚೀಲಗಳು ಜೋತಾಡುತ್ತಿದ್ದವು. ಹಿಂದಿನ ಕಂಬಿಯ ಮೇಲೆ ಡೇರೆ, ಮಡಿಸುವ ಮಂಚಗಳು, ಕಂಬಳಿಗಳು, ಮಾಂಸ ಸುಡುವ ಕಬ್ಬಿಣದ ಜಾಲರಿ ಇವೆಲ್ಲ ಒಂದರ ಮೇಲೊಂದು ಏರಿದ್ದವು. ಇವುಗಳ ಜೊತೆಗೆ ಇಬ್ಬರು ಸವಾರರು ಬೇರೆ.

ಎರಡು ಚಕ್ರಗಳ ವಾಹನದ ಮೇಲೆ ಮನೆಯನ್ನು ಹೊರುವುದು ಸುಲಭದ ವಿದ್ಯೆಯಲ್ಲ. ಭಾರವೆಲ್ಲ ಹಿಂದಕ್ಕೆ ಬಿದ್ದರೆ ಮುಂದಿನ ಚಕ್ರ ಹಗುರವಾಗಿ ನೆಲವನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಕೈಹಿಡಿ ತಿರುಗಿಸಿದರೂ ಬಂಡಿ ಮಾತು ಕೇಳುವುದಿಲ್ಲ. ಗಂಟು ಎತ್ತರವಾದಷ್ಟೂ ತಿರುವಿನಲ್ಲಿ ವಾಲುವುದು ಹೆಚ್ಚು. ಈ ಪಾಠವನ್ನು ಗೆಳೆಯರು ಪುಸ್ತಕದಿಂದಲ್ಲ, ಬಿದ್ದು ಕಲಿತರು. ಮರಳು ಸಿಕ್ಕರೆ ಬೀಳುವರು, ಜಲ್ಲಿ ಸಿಕ್ಕರೆ ಬೀಳುವರು, ಎದ್ದು ಮೈ ಕೊಡವಿಕೊಂಡು ಚೀಲಗಳನ್ನು ಮತ್ತೆ ಬಿಗಿದು ಹೊರಡುವರು. ಒಂದೇ ದಿನದಲ್ಲಿ ಹಲವು ಬಾರಿ ಹೀಗಾದದ್ದೂ ಉಂಟು. ಮುರಿದ ಭಾಗಗಳನ್ನು ತಂತಿಯಿಂದ ಸುತ್ತಿ ಕಟ್ಟಿ ಮುಂದಿನ ಊರಿನ ಕಮ್ಮಾರನವರೆಗೆ ಬಂಡಿಯನ್ನು ಹೇಗೋ ಸಾಗಿಸುವುದರಲ್ಲಿ ಇಬ್ಬರೂ ನಿಪುಣರಾದರು.

ಮೊದಲ ದಿನಗಳ ಪ್ರಯಾಣ ಅಟ್ಲಾಂಟಿಕ್ ಸಾಗರದ ದಡದಲ್ಲಿ ಸಾಗಿತು. ಮೀರಾಮಾರ್ ಎಂಬ ಕಡಲತೀರದ ಊರಿನಲ್ಲಿ ಎರ್ನೆಸ್ಟೊ ಪ್ರೀತಿಸಿದ ಕನ್ಯೆ ಇದ್ದಳು. ಆಕೆಗಾಗಿ ಕೊಂಡೊಯ್ದ ನಾಯಿಮರಿಗೆ ಆತ ಇಟ್ಟ ಹೆಸರು ಕಮ್‌ಬ್ಯಾಕ್; ಮರಳಿ ಬರುವೆನೆಂಬುದಕ್ಕೆ ಅದೇ ಗುರುತು. ಎರಡು ದಿನಗಳಿಗೆಂದು ನಿಂತವರು ಅಲ್ಲಿ ಎಂಟು ದಿನ ಕಳೆದರು. ಆದರೆ ಕೆಲವು ವಾರಗಳ ತರುವಾಯ ಬಾರಿಲೋಚೆ ಎಂಬ ಊರಿನಲ್ಲಿ ಕೈಸೇರಿದ ಕಾಗದವೊಂದು ಆ ಸಂಬಂಧ ಮುಗಿದುದನ್ನು ತಿಳಿಸಿತು. ಮನೆಯ ಕಡೆಗೆ ಸೆಳೆಯುತ್ತಿದ್ದ ಎಳೆಯೊಂದು ಕಡಿದಂತಾಯಿತು.

ಕಡಲನ್ನು ಬಿಟ್ಟು ಪಶ್ಚಿಮಕ್ಕೆ ತಿರುಗಿದ ಮೇಲೆ ಪ್ರಯಾಣದ ನಿಜವಾದ ಪರೀಕ್ಷೆ ಆರಂಭವಾಯಿತು. ದಾರಿಯಲ್ಲಿ ಎರ್ನೆಸ್ಟೊಗೆ ವಿಪರೀತ ಜ್ವರ ಬಂದು ಚೊಯೆಲೆ ಚೊಯೆಲ್ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲವು ದಿನ ಮಲಗಬೇಕಾಯಿತು. ಮುಂದೆ ಪಟಗೋನಿಯದ ವಿಶಾಲವಾದ ಬೋಳು ಬಯಲು. ಅಲ್ಲಿ ಬೀಸುವ ಗಾಳಿ ಜಗತ್ಪ್ರಸಿದ್ಧ. ಪೆಸಿಫಿಕ್ ಸಾಗರದಿಂದ ಹೊರಟ ಪಶ್ಚಿಮದ ಮಾರುತಗಳು ಆಂಡೀಸ್ ಪರ್ವತಗಳಿಗೆ ತಾಗಿ ತಮ್ಮ ಮಳೆಯನ್ನೆಲ್ಲ ಚಿಲಿ ದೇಶದ ಕಡೆಯೇ ಸುರಿಸಿಬಿಡುತ್ತವೆ. ಬಳಿಕ ಒಣಗಾಳಿಯಾಗಿ ಪರ್ವತವನ್ನು ಇಳಿದು ಅರ್ಜೆಂಟೀನದ ಬಯಲಿನ ಮೇಲೆ ನುಗ್ಗುತ್ತವೆ. ಮಳೆಯಿಲ್ಲದ ಆ ನೆಲದಲ್ಲಿ ಗಾಳಿಯನ್ನು ತಡೆಯಲು ಮರಗಳಿಲ್ಲ; ಕುರುಚಲು ಗಿಡಗಳೇ ಎಲ್ಲೆಡೆ.

ಆ ಸೀಮೆಯಲ್ಲಿ ಒಂದು ಸಂಜೆ ಗೆಳೆಯರು ಬಯಲಿನಲ್ಲಿ ಡೇರೆ ಹಾಕಿದರು. ಡೇರೆಯ ಬಲವೆಲ್ಲ ಅದರ ಗೂಟಗಳಲ್ಲಿ ಇರುತ್ತದೆ. ನೆಲ ಸಡಿಲವಾಗಿದ್ದರೆ ಗೂಟ ನಿಲ್ಲುವುದಿಲ್ಲ. ಒಂದು ಗೂಟ ಕಿತ್ತರೆ ಬಟ್ಟೆ ಹಾಯಿಯಂತೆ ಉಬ್ಬಿ ಉಳಿದ ಗೂಟಗಳನ್ನೂ ಎಳೆದುಕೊಳ್ಳುತ್ತದೆ. ರಾತ್ರಿಯಾಗುತ್ತ ಗಾಳಿ ಬಿರುಗಾಳಿಯಾಯಿತು; ಡೇರೆ ಬುಡಸಹಿತ ಕಿತ್ತುಬಂದಿತು. ಅದನ್ನು ಮತ್ತೆ ನಿಲ್ಲಿಸುವ ಮಾತೇ ಇರಲಿಲ್ಲ. ಇಬ್ಬರೂ ಮೋಟಾರು ಸೈಕಲನ್ನು ದೂರವಾಣಿಯ ತಂತಿಯ ಕಂಬವೊಂದಕ್ಕೆ ಬಿಗಿದು ಕಟ್ಟಿ, ಡೇರೆಯ ಬಟ್ಟೆಯನ್ನು ಅದಕ್ಕೇ ಹೊದಿಸಿ, ಅದರ ಮರೆಯಲ್ಲಿ ನೆಲದ ಮೇಲೆ ಮುದುಡಿ ಮಲಗಿದರು. ಮನುಷ್ಯರಿಗೆಂದು ತಂದ ಸೂರು ಬಂಡಿಯ ಪಾಲಾಯಿತು. ಬಂಡಿಯೇ ಮನುಷ್ಯರಿಗೆ ಗೋಡೆಯಾಯಿತು.

ಕಷ್ಟಗಳು ಇಷ್ಟಿದ್ದರೂ ಡೇರೆಯ ಬದುಕಿಗೆ ತನ್ನದೇ ಆದ ಸಿರಿಯಿದೆ. ಆಂಡೀಸ್ ಪರ್ವತದ ಅಡಿಯಲ್ಲಿರುವ ಸರೋವರಗಳ ನಾಡನ್ನು ಸೇರಿದಾಗ ಆ ಸಿರಿಯನ್ನು ಅವರು ಕಂಡರು. ಹಿಮದ ಶಿಖರಗಳು, ಕಾಡುಗಳು, ಅವುಗಳ ನಡುವೆ ನೀಲಿಯ ಸರೋವರಗಳು. ಮನಸ್ಸಿಗೆ ಬಂದ ದಡದಲ್ಲಿ ಇಳಿದು, ಒಣಗಿದ ಕಡ್ಡಿಗಳನ್ನು ಕೂಡಿಸಿ ಬೆಂಕಿ ಮಾಡಿ, ಮಾತೆ ಎಂಬ ಎಲೆಯ ಕಷಾಯವನ್ನು ಕಾಯಿಸಿ ಕುಡಿಯುತ್ತ ಕುಳಿತರೆ ಯಾವ ಅರಮನೆಯೂ ಬೇಡವೆನಿಸುತ್ತಿತ್ತು. ಅಂತಹ ಒಂದು ಸರೋವರದ ಬಳಿ ಪ್ರಯೋಗಾಲಯವೊಂದನ್ನು ಕಟ್ಟಿಕೊಂಡು ಅಲ್ಲಿಯೇ ನೆಲೆಸಬೇಕೆಂದು ಗೆಳೆಯರು ಕನಸು ಕಂಡದ್ದೂ ಉಂಟು.

ಎಲ್ಲ ರಾತ್ರಿಗಳಲ್ಲಿಯೂ ಡೇರೆಯೇ ಗತಿಯಾಗಿರಲಿಲ್ಲ. ಕೈಯಲ್ಲಿ ಹಣ ಕಡಿಮೆ, ಹಸಿವು ಬಹಳ. ಪೊಲೀಸ್ ಠಾಣೆ, ದನದ ಕೊಟ್ಟಿಗೆ, ಉಗ್ರಾಣ, ಆಸ್ಪತ್ರೆಯ ಮೂಲೆ, ಎಲ್ಲಿ ಜಾಗ ಕೇಳಿದರೂ ಒಬ್ಬಲ್ಲ ಒಬ್ಬರು ಬಾಗಿಲು ತೆರೆಯುತ್ತಿದ್ದರು. ಒಮ್ಮೆ ಕೊಟ್ಟಿಗೆಯೊಂದರಲ್ಲಿ ಮಲಗಿದ್ದಾಗ ಹೊಳೆಯುವ ಎರಡು ಕಣ್ಣುಗಳು ಕತ್ತಲೆಯಲ್ಲಿ ಕಾಣಿಸಿದವು. ಆ ಕಾಡಿನಲ್ಲಿ ಪ್ಯೂಮ ಎಂಬ ಕ್ರೂರಮೃಗವಿದೆಯೆಂದು ಮನೆಯವರು ಹೇಳಿದ್ದನ್ನು ಕೇಳಿ ಬೆದರಿದ್ದ ಎರ್ನೆಸ್ಟೊ ಪಿಸ್ತೂಲನ್ನು ಎತ್ತಿ ಹಾರಿಸಿಬಿಟ್ಟನು. ಬೆಳಕಿನಲ್ಲಿ ನೋಡಿದರೆ ಸತ್ತುಬಿದ್ದಿದ್ದುದು ಆಶ್ರಯ ಕೊಟ್ಟ ಮನೆಯವರ ಮುದ್ದಿನ ನಾಯಿ. ಮನೆಯೊಡತಿಯ ಗೋಳನ್ನು ಕೇಳಲಾರದೆ ಇಬ್ಬರೂ ತಲೆತಗ್ಗಿಸಿ ಅಲ್ಲಿಂದ ಹೊರಟರು. ಬಯಲಲ್ಲಿ ಮಲಗುವವನಿಗೆ ಹುಲ್ಲಿನ ಸದ್ದೂ ಹೆಬ್ಬುಲಿಯಾಗಿ ಕೇಳಿಸುತ್ತದೆ. ಆ ಅಂಜಿಕೆಯ ದಂಡವನ್ನು ತೆತ್ತದ್ದು ಒಂದು ಮೂಕಪ್ರಾಣಿ.

1952ರ ಫೆಬ್ರವರಿ ನಡುವಿನಲ್ಲಿ ಅವರು ಸರೋವರಗಳ ಮೂಲಕ ದೋಣಿಯಲ್ಲಿ ಚಿಲಿ ದೇಶಕ್ಕೆ ದಾಟಿದರು. ದೋಣಿಯ ಬಾಡಿಗೆಗೆ ಹಣವಿಲ್ಲದ್ದರಿಂದ, ಸೋರುತ್ತಿದ್ದ ದೋಣಿಯ ತಳದ ನೀರನ್ನು ಪಂಪಿನಿಂದ ಎತ್ತಿಹಾಕಿ ಆ ಋಣವನ್ನು ತೀರಿಸಿದರು. ತೆಮುಕೊ ನಗರದ ಪತ್ರಿಕೆಯೊಂದು ಇವರನ್ನು ಕುಷ್ಠರೋಗ ತಜ್ಞರೆಂದು ಬಣ್ಣಿಸಿ ಸುದ್ದಿ ಪ್ರಕಟಿಸಿತು. ವೈದ್ಯನಾಗಲು ಇನ್ನೂ ಪರೀಕ್ಷೆಗಳು ಬಾಕಿಯಿದ್ದ ಎರ್ನೆಸ್ಟೊಗೆ ಇದು ನಗೆಯ ಸಂಗತಿಯೇ ಸರಿ. ಆದರೂ ಆ ಪತ್ರಿಕೆಯ ತುಣುಕು ಹಲವು ಮನೆಗಳಲ್ಲಿ ಅವರಿಗೆ ಊಟ, ಹಾಸಿಗೆಗಳನ್ನು ಒದಗಿಸಿತು.

ಮೋಟಾರು ಸೈಕಲಿನ ಆಯುಸ್ಸು ಮಾತ್ರ ಮುಗಿಯುತ್ತ ಬಂದಿತ್ತು. ಒಮ್ಮೆ ಇಳಿಜಾರಿನಲ್ಲಿ ಬರುತ್ತಿದ್ದಾಗ ದಾರಿಗೆ ಅಡ್ಡಲಾಗಿ ದನಗಳ ಹಿಂಡು ಬಂದಿತು, ಬ್ರೇಕು ಹಿಡಿಯಲಿಲ್ಲ. ಕೊನೆಯ ಹಸುವಿನ ಕಾಲನ್ನು ಸವರಿಕೊಂಡು ಹೋದ ಬಂಡಿ ದಾರಿಯ ಪಕ್ಕದ ದಿಬ್ಬವನ್ನೇರಿ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡು ನಿಂತಿತು. ಸವಾರರಿಗೆ ಪೆಟ್ಟಾಗದೆ ಇದ್ದದ್ದು ಪುಣ್ಯ. ಅನಂತರ ಏರೊಂದನ್ನು ಹತ್ತಲಾರದೆ ಬಂಡಿ ಶಾಶ್ವತವಾಗಿ ಮೊಂಡು ಹಿಡಿಯಿತು. ಲಾರಿಯೊಂದು ಅದನ್ನು ಹೊತ್ತು ತಂದಿತು. ಚಿಲಿಯ ರಾಜಧಾನಿ ಸ್ಯಾಂಟಿಯಾಗೊದಲ್ಲಿ ಅದನ್ನು ಬಿಟ್ಟು ಗೆಳೆಯರು ಹೆಗಲಿಗೆ ಚೀಲವೇರಿಸಿ ಕಾಲ್ನಡಿಗೆಯವರಾದರು.

ಇಲ್ಲಿಂದ ಪ್ರಯಾಣದ ಬಣ್ಣವೇ ಬದಲಾಯಿತು. ಮೋಟಾರು ಸೈಕಲು ಇದ್ದಷ್ಟು ದಿನ ಅವರು ಎಷ್ಟೇ ಹಸಿದಿದ್ದರೂ ಊರವರ ಕಣ್ಣಿಗೆ ದೂರದೇಶದ ಸಾಹಸಿಗಳಾಗಿ ಕಾಣುತ್ತಿದ್ದರು. ಮಕ್ಕಳು ಬಂಡಿಯ ಸುತ್ತ ನೆರೆಯುತ್ತಿದ್ದರು. ದೊಡ್ಡವರು ಕಥೆ ಕೇಳಲು ಕರೆಯುತ್ತಿದ್ದರು. ಈಗ ಅವರು ದಾರಿಯ ಬದಿಯಲ್ಲಿ ಲಾರಿಗಾಗಿ ಕಾಯುವ, ಕೂಲಿ ಅರಸಿ ಅಲೆಯುವ ಬಡವರ ಸಾಲಿಗೆ ಸೇರಿದರು. ಆ ಸಾಲಿನಲ್ಲಿ ನಿಂತಾಗ ಅವರ ಕಣ್ಣಿಗೆ ಬಿದ್ದುದು ಬೇರೆಯೇ ಲೋಕ.

ವಾಲ್ಪರೈಸೊ ಬಂದರಿನಲ್ಲಿ ಎರ್ನೆಸ್ಟೊ ಮುದುಕಿಯೊಬ್ಬಳನ್ನು ನೋಡಲು ಹೋದನು. ಆಕೆಗೂ ಅವನಂತೆಯೇ ಉಬ್ಬಸ. ಜೊತೆಗೆ ಹೃದಯದ ಬೇನೆ. ಮೈಯಲ್ಲಿ ಶಕ್ತಿಯಿರುವವರೆಗೆ ಹೋಟೆಲಿನಲ್ಲಿ ದುಡಿದ ಆಕೆ ಈಗ ಕತ್ತಲೆಯ ಕೋಣೆಯಲ್ಲಿ ಮನೆಯವರಿಗೂ ಹೊರೆಯಾಗಿ ಮಲಗಿದ್ದಳು. ತನ್ನಲ್ಲಿದ್ದ ಕೆಲವು ಗುಳಿಗೆಗಳನ್ನು ಕೊಟ್ಟು, ಆಹಾರದ ಕ್ರಮವನ್ನು ಹೇಳುವುದಕ್ಕಿಂತ ಹೆಚ್ಚಿನದೇನನ್ನೂ ಆತ ಮಾಡಲಾಗಲಿಲ್ಲ. ಆಕೆಗೆ ಬೇಕಾಗಿದ್ದುದು ಔಷಧಿಗಿಂತ ಮೊದಲು ವಿಶ್ರಾಂತಿ, ಒಳ್ಳೆಯ ಆಹಾರ, ನಾಳೆಯ ಬಗೆಗೆ ಭರವಸೆ. ಇವುಗಳನ್ನು ಬರೆದುಕೊಡುವ ವಿದ್ಯೆಯನ್ನು ಯಾವ ವೈದ್ಯಶಾಲೆಯೂ ಅವನಿಗೆ ಕಲಿಸಿರಲಿಲ್ಲ.

ಅಲ್ಲಿಂದ ಉತ್ತರಕ್ಕೆ ಹೋಗುವ ಹಡಗೊಂದರಲ್ಲಿ ಇಬ್ಬರೂ ಅಡಗಿ ಕುಳಿತರು. ಸಿಕ್ಕಿಬಿದ್ದ ತಪ್ಪಿಗೆ ಒಬ್ಬನು ಈರುಳ್ಳಿ ಸುಲಿದನು, ಮತ್ತೊಬ್ಬನು ಶೌಚಗೃಹ ತೊಳೆದನು. ಆಂಟೊಫಗಾಸ್ಟ ಬಂದರಿನಲ್ಲಿ ಇಳಿದು ಚುಕಿಕಮಾಟ ಎಂಬ ತಾಮ್ರದ ಗಣಿಯ ಕಡೆಗೆ ಹೊರಟವರನ್ನು ಅಟಕಾಮ ಮರುಭೂಮಿ ಎದುರುಗೊಂಡಿತು. ಭೂಮಿಯ ಮೇಲಣ ಅತ್ಯಂತ ಒಣಗಿದ ಪ್ರದೇಶಗಳಲ್ಲಿ ಅದೂ ಒಂದು. ಅಲ್ಲಿ ಹಗಲು ಸುಡುತ್ತದೆ. ಗಾಳಿಯಲ್ಲಿ ತೇವವಿಲ್ಲದೆ, ಆಕಾಶದಲ್ಲಿ ಮೋಡವಿಲ್ಲದೆ ನೆಲದ ಕಾವನ್ನು ಹಿಡಿದಿಡುವ ಹೊದಿಕೆಯೇ ಇಲ್ಲವಾದ್ದರಿಂದ ಸೂರ್ಯ ಮುಳುಗಿದೊಡನೆ ಚಳಿ ಮೈಯನ್ನು ಕೊರೆಯುತ್ತದೆ.

1952ರ ಮಾರ್ಚಿಯ ಒಂದು ರಾತ್ರಿ ಬಕೆಡಾನೊ ಎಂಬ ಪುಟ್ಟ ಊರಿನಲ್ಲಿ ಗೆಳೆಯರಿಗೆ ಗಣಿಕಾರ್ಮಿಕ ದಂಪತಿಗಳ ಪರಿಚಯವಾಯಿತು. ಆ ಕಾಲದಲ್ಲಿ ಚಿಲಿಯಲ್ಲಿ ಕಮ್ಯೂನಿಸ್ಟ್ ಪಕ್ಷವನ್ನು ನಿಷೇಧಿಸಲಾಗಿತ್ತು. ಆ ಪಕ್ಷಕ್ಕೆ ಸೇರಿದವನೆಂಬ ಕಾರಣಕ್ಕೆ ಗಂಡನು ಮೂರು ತಿಂಗಳು ಸೆರೆಮನೆಯಲ್ಲಿದ್ದು ಬಂದಿದ್ದನು. ಹೊರಬಂದವನಿಗೆ ಎಲ್ಲಿಯೂ ಕೆಲಸ ಸಿಕ್ಕಲಿಲ್ಲ. ಬೆಟ್ಟದ ಮೇಲಿನ ಗಂಧಕದ ಗಣಿಯಲ್ಲಿ ಕೆಲಸ ಬಹು ಕಠಿನವಾದ್ದರಿಂದ ಅಲ್ಲಿ ಯಾರ ಪಕ್ಷವನ್ನೂ ಯಾರೂ ಕೇಳುವುದಿಲ್ಲವೆಂದು ಕೇಳಿ ಇಬ್ಬರೂ ಅತ್ತ ಹೊರಟಿದ್ದರು. ಮಕ್ಕಳನ್ನು ನೆರೆಮನೆಯವರ ಕೈಗೆ ಒಪ್ಪಿಸಿ ಬಂದಿದ್ದರು. ಮೋಂಬತ್ತಿಯ ಬೆಳಕಿನಲ್ಲಿ ಗೆಳೆಯರು ಅವರೊಡನೆ ರೊಟ್ಟಿ, ಗಿಣ್ಣು, ಮಾತೆಗಳನ್ನು ಹಂಚಿಕೊಂಡರು. ಆ ದಂಪತಿಗಳ ಬಳಿ ಹೊದೆಯಲು ಒಂದು ಕಂಬಳಿಯೂ ಇರಲಿಲ್ಲ. ಒಬ್ಬರನ್ನೊಬ್ಬರು ಅಪ್ಪಿಕೊಂಡು ನಡುಗುತ್ತಿದ್ದರು. ಗೆಳೆಯರು ತಮ್ಮಲ್ಲಿದ್ದ ಕಂಬಳಿಗಳಲ್ಲಿ ಒಂದನ್ನು ಅವರಿಗೆ ಕೊಟ್ಟು ಇನ್ನೊಂದರಲ್ಲಿ ತಾವಿಬ್ಬರೂ ಸುತ್ತಿಕೊಂಡರು. ಎರ್ನೆಸ್ಟೊ ತನ್ನ ಬಾಳಿನಲ್ಲಿ ಅನುಭವಿಸಿದ ಅತಿ ಚಳಿಯ ರಾತ್ರಿಗಳಲ್ಲಿ ಅದು ಒಂದು.

ಪಟಗೋನಿಯದ ಬಿರುಗಾಳಿಯಲ್ಲಿಯೂ ಆತ ಸೂರಿಲ್ಲದೆ ನಡುಗಿದ್ದನು. ಆದರೆ ಆ ಚಳಿಗೂ ಈ ಚಳಿಗೂ ಅಂತರವಿತ್ತು. ಅಂದಿನದು ತಾನಾಗಿಯೇ ಆರಿಸಿಕೊಂಡ ಕಷ್ಟ. ಬೇಡವೆನಿಸಿದರೆ ಹಿಂದಿರುಗಲು ಮನೆಯಿತ್ತು, ಕಾಯುವ ತಾಯಿಯಿದ್ದಳು. ಡೇರೆ ಕಿತ್ತುಹೋದದ್ದು ಮುಂದೊಂದು ದಿನ ನಗುತ್ತ ಹೇಳಿಕೊಳ್ಳುವ ಕಥೆ. ಈ ದಂಪತಿಗಳಿಗಾದರೋ ಕಿತ್ತುಹೋಗಲು ಡೇರೆಯೇ ಇರಲಿಲ್ಲ. ಅವರ ಚಳಿಗೆ ಪ್ರಯಾಣದ ಕೊನೆಯೆಂಬುದೂ ಇರಲಿಲ್ಲ. ಸಾಹಸಕ್ಕೂ ಬಡತನಕ್ಕೂ ಇರುವ ಈ ಅಂತರ ಆ ರಾತ್ರಿ ಎರ್ನೆಸ್ಟೊನ ಮನಸ್ಸಿಗೆ ನಾಟಿತು. ಮರುದಿನಗಳಲ್ಲಿ ಆತ ಕಂಡ ಚುಕಿಕಮಾಟದ ಗಣಿ ಆಗ ಅಮೆರಿಕ ಸಂಯುಕ್ತ ಸಂಸ್ಥಾನದ ಕಂಪನಿಯೊಂದರ ಒಡೆತನದಲ್ಲಿತ್ತು. ಅಲ್ಲಿಯ ಯಂತ್ರಗಳ ವೈಭವದ ನಡುವೆ ಆತ ಹುಡುಕಿದ್ದು ಗಣಿಯಲ್ಲಿ ಸತ್ತ ಕೂಲಿಗಾರರ ಲೆಕ್ಕವನ್ನು. 1971ರಲ್ಲಿ ಚಿಲಿ ದೇಶವು ತನ್ನ ದೊಡ್ಡ ತಾಮ್ರದ ಗಣಿಗಳನ್ನು ರಾಷ್ಟ್ರೀಕರಿಸಿತು. ಅದನ್ನು ನೋಡಲು ಆತ ಉಳಿದಿರಲಿಲ್ಲ.

ಪೆರು ದೇಶದಲ್ಲಿ ಗೆಳೆಯರು ಲಾರಿಗಳ ಹಿಂಬದಿಯಲ್ಲಿ ಮೂಟೆಗಳ ನಡುವೆ, ಅಲ್ಲಿಯ ಮೂಲನಿವಾಸಿಗಳೊಡನೆ ಕುಳಿತು ಆಂಡೀಸ್ ಪರ್ವತವನ್ನೇರಿದರು. ಟಿಟಿಕಾಕ ಸರೋವರವನ್ನೂ, ಇಂಕಾ ದೊರೆಗಳ ರಾಜಧಾನಿಯಾಗಿದ್ದ ಕುಸ್ಕೊ ನಗರವನ್ನೂ, ಬೆಟ್ಟದ ನೆತ್ತಿಯ ಮಾಚು ಪಿಚುವನ್ನೂ ಕಂಡರು. ಅಂತಹ ಕಲ್ಲಿನ ಕಟ್ಟಡಗಳನ್ನು ಕಟ್ಟಿದವರ ಮಕ್ಕಳು ತಮ್ಮ ನೆಲದಲ್ಲಿಯೇ ತಲೆಬಾಗಿ ನಡೆಯುತ್ತಿದ್ದರು. ಲಿಮಾ ನಗರದಲ್ಲಿ ಕುಷ್ಠರೋಗ ತಜ್ಞನಾದ ಡಾಕ್ಟರ್ ಹ್ಯೂಗೊ ಪೆಸ್ಸೆ ಅವರಿಗೆ ಆಶ್ರಯ ಕೊಟ್ಟನು. ಆತನ ನೆರವಿನಿಂದ ಅವರು ಅಮೆಜಾನ್ ನದಿಯ ದಂಡೆಯ ಸ್ಯಾನ್ ಪಾಬ್ಲೊ ಎಂಬ ಕುಷ್ಠರೋಗಿಗಳ ನೆಲೆಗೆ ಹೋದರು.

ಅಲ್ಲಿ ರೋಗಿಗಳ ವಸತಿ ಬೇರೆ, ಸಿಬ್ಬಂದಿಯ ವಸತಿ ಬೇರೆ. ಕುಷ್ಠರೋಗ ಸುಲಭವಾಗಿ ಅಂಟುವ ರೋಗವಲ್ಲ. ಇಂದು ಪೂರ್ಣವಾಗಿ ಗುಣಪಡಿಸಬಹುದಾದ ರೋಗ. ಆದರೂ ರೋಗಿಯ ಮೈಯನ್ನು ರೋಗ ತಿನ್ನುವುದಕ್ಕಿಂತ ಮೊದಲು ಜನರ ಅಂಜಿಕೆ ಅವನ ಬಾಳನ್ನು ತಿನ್ನುತ್ತಿತ್ತು. ಗೆಳೆಯರಿಬ್ಬರೂ ಕೈಚೀಲ ತೊಡದೆ ರೋಗಿಗಳ ಕೈ ಕುಲುಕಿದರು, ಅವರ ಪಕ್ಕದಲ್ಲಿ ಕುಳಿತರು, ಅವರೊಡನೆ ಕಾಲ್ಚೆಂಡು ಆಡಿದರು. ಎರ್ನೆಸ್ಟೊನ 24ನೆಯ ಹುಟ್ಟುಹಬ್ಬವನ್ನು ಅಲ್ಲಿಯವರು ಸಂಭ್ರಮದಿಂದ ಆಚರಿಸಿದರು. ಮೆಕ್ಸಿಕೊದಿಂದ ದಕ್ಷಿಣದ ತುದಿಯವರೆಗಿನ ಜನರೆಲ್ಲ ಒಂದೇ ಎಂಬ ತನ್ನ ನಂಬಿಕೆಯನ್ನು ಆತ ಆ ರಾತ್ರಿಯ ಭಾಷಣದಲ್ಲಿ ಮೊದಲ ಬಾರಿಗೆ ನಾಲ್ಕು ಜನರೆದುರು ನುಡಿದನು. ಬೀಳ್ಕೊಡುವಾಗ ಅಲ್ಲಿಯವರು ಮರದ ತೆಪ್ಪವೊಂದನ್ನು ಕಟ್ಟಿಕೊಟ್ಟು ಅದಕ್ಕೆ ಮಾಂಬೊ ಟ್ಯಾಂಗೊ ಎಂದು ಹೆಸರಿಟ್ಟರು. ಪ್ರವಾಹದ ಸೆಳೆತಕ್ಕೆ ಸಿಕ್ಕಿದ ತೆಪ್ಪ ತಲುಪಬೇಕಾಗಿದ್ದ ಲೆಟಿಸಿಯ ಎಂಬ ಊರನ್ನು ದಾಟಿ ಮುಂದೆ ಹೋಗಿಬಿಟ್ಟಿತು. ಗೆಳೆಯರು ಪಾಡುಪಟ್ಟು ಹಿಂದಕ್ಕೆ ಬರಬೇಕಾಯಿತು.

ಕೊಲಂಬಿಯವನ್ನು ಹಾದು 1952ರ ಜುಲೈಯಲ್ಲಿ ಅವರು ವೆನೆಜುವೆಲದ ಕರಾಕಸ್ ನಗರವನ್ನು ಸೇರಿದರು. ಗ್ರನಾಡೊ ಅಲ್ಲಿಯೇ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತನು. ಎರ್ನೆಸ್ಟೊ ಪಂದ್ಯದ ಕುದುರೆಗಳನ್ನು ಸಾಗಿಸುವ ವಿಮಾನವನ್ನೇರಿ, ಅದು ಕೆಟ್ಟುನಿಂತ ಕಾರಣ ಅಮೆರಿಕದ ಮಿಯಾಮಿಯಲ್ಲಿ ಸುಮಾರು ಒಂದು ತಿಂಗಳು ಕಳೆದು, ಆಗಸ್ಟಿನ ಕೊನೆಯಲ್ಲಿ ಮನೆಗೆ ಮರಳಿದನು. ತಾಯಿಗೆ ಕೊಟ್ಟ ಮಾತನ್ನು ಉಳಿಸಿಕೊಂಡು 1953ರಲ್ಲಿ ವೈದ್ಯನಾದನು. ದಾರಿಯಲ್ಲಿ ಬರೆದಿಟ್ಟ ಟಿಪ್ಪಣಿಗಳನ್ನು ತಿದ್ದಿ ಬರೆಯುವಾಗ, ಹೊರಟವನೂ ಹಿಂದಿರುಗಿದವನೂ ಒಬ್ಬನೇ ಅಲ್ಲವೆಂಬುದು ಆತನಿಗೇ ಸ್ಪಷ್ಟವಾಗಿತ್ತು.

ಅದೇ ವರ್ಷ ಆತ ಮತ್ತೆ ಹೊರಟನು. 1954ರಲ್ಲಿ ಗ್ವಾಟೆಮಾಲದ ಚುನಾಯಿತ ಸರಕಾರ ಉರುಳಿದ್ದನ್ನು ಕಣ್ಣಾರೆ ಕಂಡು ಮೆಕ್ಸಿಕೊ ಸೇರಿದನು. 1955ರಲ್ಲಿ ಅಲ್ಲಿ ಫಿಡೆಲ್ ಕ್ಯಾಸ್ಟ್ರೊನ ಭೇಟಿಯಾಯಿತು. ಅರ್ಜೆಂಟೀನದವರು ಗೆಳೆಯರನ್ನು ಕರೆಯಲು ಬಳಸುವ ಚೆ ಎಂಬ ಶಬ್ದವೇ ಕ್ಯೂಬದವರ ಬಾಯಲ್ಲಿ ಆತನ ಹೆಸರಾಯಿತು. 1956ರ ಕೊನೆಯಲ್ಲಿ 82 ಮಂದಿಯ ದಂಡಿನಲ್ಲಿ ವೈದ್ಯನಾಗಿ ಕ್ಯೂಬದ ದಡಕ್ಕಿಳಿದವನು ಕಾಡುಬೆಟ್ಟಗಳಲ್ಲಿ ದಂಡನಾಯಕನಾದನು. ಅಲ್ಲಿ ಡೇರೆಯ ಬದಲು ಮರಗಳ ನಡುವೆ ಕಟ್ಟಿದ ತೂಗುಹಾಸಿಗೆ. ಜೊತೆಗೆ ಬಿಡದ ಉಬ್ಬಸ. 1959ರ ಜನವರಿಯಲ್ಲಿ ಕ್ರಾಂತಿ ಗೆದ್ದಿತು. ಅದೇ ವರ್ಷ ಕ್ಯೂಬದ ನಿಯೋಗದ ನಾಯಕನಾಗಿ ಭಾರತಕ್ಕೂ ಬಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಕಂಡನು. ಮುಂದೆ ರಾಷ್ಟ್ರೀಯ ಬ್ಯಾಂಕಿನ ಅಧ್ಯಕ್ಷನೂ ಕೈಗಾರಿಕಾ ಮಂತ್ರಿಯೂ ಆದನು.

ಅಧಿಕಾರದ ಕುರ್ಚಿ ಆತನನ್ನು ಬಹುಕಾಲ ಹಿಡಿದಿಡಲಿಲ್ಲ. 1965ರಲ್ಲಿ ಆಫ್ರಿಕದ ಕಾಂಗೊದಲ್ಲಿ, 1966ರಿಂದ ಬೊಲಿವಿಯದ ಕಾಡುಗಳಲ್ಲಿ ಆತ ಮತ್ತೆ ಬಂದೂಕು ಹಿಡಿದನು. ಎರಡು ಕಡೆಯೂ ಸೋತನು. 1967ರ ಅಕ್ಟೋಬರ್ 8ರಂದು ಬೊಲಿವಿಯದ ಸೈನ್ಯಕ್ಕೆ ಸೆರೆಸಿಕ್ಕನು. ಮರುದಿನ ಲಾ ಹಿಗೆರಾ ಎಂಬ ಹಳ್ಳಿಯ ಶಾಲೆಯ ಕೋಣೆಯಲ್ಲಿ ಆತನನ್ನು ಗುಂಡಿಕ್ಕಿ ಕೊಂದರು. ಆಗ ಆತನಿಗೆ 39 ವರ್ಷ. ಗ್ರನಾಡೊ 1961ರಲ್ಲಿ ಕ್ಯೂಬಕ್ಕೆ ಹೋಗಿ ನೆಲೆಸಿ, ಅಲ್ಲಿ ವೈದ್ಯವಿದ್ಯೆಯನ್ನು ಕಲಿಸುತ್ತ ತುಂಬು ಬಾಳನ್ನು ಬಾಳಿ 2011ರಲ್ಲಿ ತೀರಿಕೊಂಡನು. ಒಂದೇ ಮೋಟಾರು ಸೈಕಲನ್ನೇರಿ, ಒಂದೇ ನೋಟವನ್ನು ಕಂಡ ಇಬ್ಬರು ಗೆಳೆಯರು ಹಿಡಿದ ದಾರಿಗಳು ಹೀಗೆ ಬೇರೆಬೇರೆಯಾದವು. ಪ್ರವಾಸದ ಟಿಪ್ಪಣಿಗಳು 1990ರ ದಶಕದಲ್ಲಿ ಪುಸ್ತಕವಾಗಿ ಹೊರಬಂದವು. 2004ರಲ್ಲಿ ಅವುಗಳನ್ನು ಆಧರಿಸಿ ಚಲನಚಿತ್ರವೂ ತಯಾರಾಯಿತು.

ಚೆ ಗೆವಾರ ಹಿಡಿದ ಹಿಂಸೆಯ ಮಾರ್ಗವನ್ನು ಒಪ್ಪದವರು ಬಹಳ ಮಂದಿ. ಕ್ರಾಂತಿಯ ಗೆಲುವಿನ ಬಳಿಕ ಹವಾನದ ಕೋಟೆಯೊಂದರಲ್ಲಿ ಆತನ ಅಧಿಕಾರದಲ್ಲಿ ನಡೆದ ಮರಣದಂಡನೆಗಳನ್ನು ಖಂಡಿಸಿದವರೂ ಉಂಟು. ಸತ್ಯಾಗ್ರಹದ ದಾರಿಯಲ್ಲಿ ನಡೆದ ನಾಡಿನವರಾದ ನಾವು ಆ ಬಗೆಗೆ ಆಲೋಚಿಸಿಯೇ ತೀರ್ಮಾನಕ್ಕೆ ಬರಬೇಕು. ಆದರೆ ಮರುಭೂಮಿಯ ಆ ರಾತ್ರಿ ಕಂಬಳಿಯನ್ನು ಹಂಚಿಕೊಂಡ ಯುವಕನ ಮುಂದೆ ನಿಂತ ಪ್ರಶ್ನೆ ಇಂದಿಗೂ ಉಳಿದಿದೆ. ಡೇರೆ ಹೊತ್ತು ಹೊರಟ ಪಯಣಿಗನಿಗೆ ಬಯಲಿನ ರಾತ್ರಿ ಕೆಲವು ದಿನಗಳ ಅನುಭವ. ಆ ಬಯಲಿನಲ್ಲಿಯೇ ಹುಟ್ಟಿ, ದುಡಿದು, ಸಾಯುವವರ ಚಳಿಗೆ ಹೊದಿಕೆ ಎಲ್ಲಿಂದ ಬರಬೇಕು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ಹೊತ್ತು ಹಿಂದಿರುಗಿದವನ ದೇಶ ಸುತ್ತುವಿಕೆ ವ್ಯರ್ಥವಾಗುವುದಿಲ್ಲ. ಅದಕ್ಕೆ ಉತ್ತರವನ್ನು ಹುಡುಕುವ ಹೊಣೆ ಒಂದೊಂದು ತಲೆಮಾರಿನ ತರುಣರ ಮೇಲೂ ಹೊಸದಾಗಿ ಬೀಳುತ್ತದೆ.